ಕ್ಯಾನ್ ನೀರು ಮತ್ತು ನನ್ನ ಬಲಗಣ್ಣು

ತಪ್ಪು ಹುಡುಕುವುದು ನನ್ನ ಕೆಲಸ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬೇರಿಂಗಿಗೆ ಹಾಕುವ ಉಕ್ಕಿನ ರಿಂಗುಗಳನ್ನು ಮಾಡುತ್ತಾರೆ. ಉಜ್ಜಿ, ಎಣ್ಣೆ ತೊಳೆದು, ಒರೆಸಿದ ರಿಂಗುಗಳು ಕೊನೆಗೆ ನಮ್ಮ ಟೇಬಲ್ಲಿಗೆ ಬರುತ್ತವೆ. ನಾವು ಆರು ಜನ ಹೆಂಗಸರು ಟ್ಯೂಬ್‌ಲೈಟಿನ ಕೆಳಗೆ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತೇವೆ. ಗೀರು, ಚುಕ್ಕೆ, ತುಕ್ಕು ಕಂಡರೆ ಕೆಂಪು ಡಬ್ಬಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಹಸಿರು ಟ್ರೇಗೆ. ಅನುಮಾನ ಬಂದರೆ ಚಿಕ್ಕ ಭೂತಗನ್ನಡಿಯನ್ನು ಬಲಗಣ್ಣಿಗೆ ಒತ್ತಿಕೊಂಡು ನೋಡಬೇಕು. ಆ ಟೇಬಲ್ಲಿನಲ್ಲಿ ನಾನು ಹನ್ನೊಂದು ವರ್ಷ ಕೂತಿದ್ದೆ. ಮನೆಯಲ್ಲೂ ಅದೇ ಬುದ್ಧಿ. ನನ್ನ ಗಂಡ ನಾಗರಾಜ ತಂದ ಟೊಮೆಟೊವನ್ನೂ ತಿರುಗಿಸಿ ನೋಡಿಯೇ ಬುಟ್ಟಿಗೆ ಹಾಕುವವಳು ನಾನು. ನಮ್ಮತ್ತೆ ಅದನ್ನು ನೋಡಿ, "ಉಟ್ಟುಗುಣ ಸುಟ್ರೂ ಓಗಲ್ಲ," ಅನ್ನುತ್ತಿದ್ದರು.

ಅಂಥವಳು ನನ್ನದೇ ಒಂದು ತಪ್ಪನ್ನು ಡಾಕ್ಟರ ಮುಂದೆ ಹತ್ತು ದಿನ ಮುಚ್ಚಿಟ್ಟೆ. ಕನ್ನಡಕದ ಬದಲು ಕಣ್ಣಿಗೆ ಲೆನ್ಸ್ ಹಾಕುವವರು, ಹಾಕಬೇಕು ಅಂತಿರುವವರು, ಈಗಾಗಲೇ ಕತ್ತಲೆ ಕೋಣೆಯಲ್ಲಿ ಮಲಗಿ ಕಣ್ಣು ಹೋಗೇ ಹೋಯಿತು ಅಂದುಕೊಂಡಿರುವವರು ಯಾರಾದರೂ ಇದ್ದರೆ ಅವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ. ಆದದ್ದನ್ನು ಹೇಳುತ್ತೇನೆ.

ನನಗೆ ಮೊದಲಿನಿಂದಲೂ ದಪ್ಪ ಗಾಜಿನ ಕನ್ನಡಕ. ಶಾಲೆಯಲ್ಲಿ ನನ್ನ ಹೆಸರು ಸುಮಂಗಲಾ ಅಂತ ಮೇಷ್ಟರಿಗೆ ಮಾತ್ರ ಗೊತ್ತಿತ್ತು, ಮಿಕ್ಕವರಿಗೆಲ್ಲ ನಾನು ಸೋಡಾಬುಡ್ಡಿ. ಟೇಬಲ್ಲಿನಲ್ಲಿ ಆ ಕನ್ನಡಕ ದೊಡ್ಡ ಕಾಟ. ಭೂತಗನ್ನಡಿ ಇಡಬೇಕಾದರೆ ಅದನ್ನು ಹಣೆಗೇರಿಸಬೇಕು, ಮತ್ತೆ ಇಳಿಸಬೇಕು, ಬೇಸಿಗೆಯಲ್ಲಿ ಬೆವರಿಗೆ ಮೂಗಿನಿಂದ ಜಾರಿ ಟ್ರೇ ಒಳಗೇ ಬೀಳುತ್ತಿತ್ತು. ಪಕ್ಕದ ಕುರ್ಚಿಯ ಶೈಲಾ ಆಗಲೇ ಲೆನ್ಸಿಗೆ ಬದಲಾಗಿದ್ದಳು. "ಹಾಕ್ಕೊಳೇ, ಏನೂ ಆಗಲ್ಲ. ಕಣ್ಣಲ್ಲಿದೆ ಅಂತಾನೇ ಗೊತ್ತಾಗಲ್ಲ ಕಣೇ," ಅಂದಳು. ಕೆಲಸಕ್ಕೆ ಅನುಕೂಲ ಅಂತ ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆಯೂ ಇತ್ತು. ಅತ್ತೆ, "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಊವು," ಅಂದರು. ನಾಗರಾಜ, "ಕಣ್ಣಿನ ವಿಷ್ಯ, ನೋಡ್ಕೊಂಡು ಮಾಡು," ಅಂದ. "ನಾನು ಕ್ವಾಲಿಟಿಯವಳು ಕಣ್ರೀ, ನನಗೇ ಕ್ಲೀನಿಂಗ್ ಹೇಳ್ಕೊಡ್ತೀರಾ?" ಅಂತ ಅವನ ಬಾಯಿ ಮುಚ್ಚಿಸಿದೆ.

ಕನ್ನಡಕದ ಅಂಗಡಿಯವರು ತಿಂಗಳ ಲೆನ್ಸ್ ಅಂತ ಕೊಟ್ಟಿದ್ದರು. ತಿಂಗಳಾದ ಮೇಲೆ ಬಿಸಾಡಿ ಹೊಸದು ಹಾಕಬೇಕು. ನಮ್ಮ ಕಾರ್ಖಾನೆಯಲ್ಲಿ ತಿಂಗಳು ಅಂದರೆ ಇಪ್ಪತ್ತಾರು ಹಾಜರಿ. ಭಾನುವಾರ, ಹಬ್ಬ, ರಜೆ ಹಾಕಿದ ದಿನ ನಾನು ಕನ್ನಡಕದಲ್ಲಿರುತ್ತಿದ್ದೆ, ಲೆನ್ಸ್ ಡಬ್ಬಿಯಲ್ಲಿ ಮಲಗಿರುತ್ತಿತ್ತು. ಡ್ಯೂಟಿಗೆ ಬಾರದವನಿಗೆ ಹಾಜರಿ ಯಾಕೆ ಹಾಕಬೇಕು? ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಲೆನ್ಸಿಗೂ ಹಾಜರಿ ಗುರುತು ಮಾಡತೊಡಗಿದೆ. ಮಧ್ಯಾಹ್ನ ತೆಗೆದುಬಿಟ್ಟರೆ ಅರ್ಧ ಹಾಜರಿ. ಶೈಲಾಳದ್ದೂ ಇದೇ ಕಾನೂನು. ಹೀಗೆ ನಮ್ಮ ಟೇಬಲ್ಲಿನಲ್ಲಿ ಒಂದು ತಿಂಗಳು ಒಂದೂವರೆ ತಿಂಗಳ ತನಕ ಎಳೆಯುತ್ತಿತ್ತು, ನಾವಿಬ್ಬರೂ ಜಾಣೆಯರು ಅಂದುಕೊಂಡಿದ್ದೆವು.

ಇನ್ನು ತೊಳೆಯುವುದು. ಅದಕ್ಕೊಂದು ಸೊಲ್ಯೂಷನ್ ಬಾಟಲಿ ಬರುತ್ತದೆ. ಅದು ಮುಗಿದರೆ ಅದೇ ಅಂಗಡಿಗೆ ಹೋಗಬೇಕು, ಭಾನುವಾರವೇ ಆಗಬೇಕು. ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ. ಅದರಲ್ಲಿ ತೊಳೆಯುವಷ್ಟು ದಡ್ಡಿ ನಾನಲ್ಲ. ಕುಡಿಯಲು ತರಿಸುವ ಕ್ಯಾನ್ ನೀರಿತ್ತಲ್ಲ, ಫಿಲ್ಟರ್ ಮಾಡಿ ಸೀಲ್ ಹಾಕಿದ್ದು. ಬಾಟಲಿ ಖಾಲಿಯಾದ ಒಂದು ವಾರ ಅದರಲ್ಲೇ ತೊಳೆದು ಅದರಲ್ಲೇ ನೆನೆಸಿಟ್ಟೆ. ಏನೂ ಆಗಲಿಲ್ಲ. ಆಮೇಲೆ ಬಾಟಲಿ ಇದ್ದಾಗಲೂ ಬೆಳಿಗ್ಗೆ ಕ್ಯಾನಿನ ನಲ್ಲಿಯ ಕೆಳಗೆ ಒಂದು ಸಲ ಜಾಲಾಡಿಸಿ ಹಾಕಿಕೊಳ್ಳುವುದು ರೂಢಿಯಾಯಿತು. ಅತ್ತೆ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ, "ಕುಡ್ಯೋ ನೀರ್ನಲ್ಲಿ ಗಾಜು ತೊಳೀತೀಯಲ್ಲಮ್ಮಿ," ಎಂದು ಗೊಣಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಬುಧವಾರ ಊಟದ ಬಿಡುವಿನ ಹೊತ್ತಿಗೆ ಬಲಗಣ್ಣಲ್ಲಿ ಮರಳು ಬಿದ್ದ ಹಾಗಾಯಿತು. ಲೆನ್ಸ್ ತೆಗೆದೆ, ಮರಳು ಹೋಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಬಿಸಿಲು ಕಣ್ಣಿಗೆ ಚುಚ್ಚಿತು, ನೀರು ಸುರಿಯತೊಡಗಿತು. ಕಣ್ಣು ಕೆಂಡವಾಗಿತ್ತು. ನಾಗರಾಜ ಆಗಲೇ ಶಿಫ್ಟಿಗೆ ಹೋಗಿದ್ದ. ಅತ್ತೆ ಓನರ್ ಮನೆಯ ಕಾಂಪೌಂಡಿನಿಂದ ನಂದಿಬಟ್ಟಲು ಹೂವು ಕಿತ್ತು ತಂದು, ಅಂಗೈಯಲ್ಲಿ ತಿಕ್ಕಿ, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಹನಿ ರಸ ಬಿಟ್ಟರು. "ತಣ್ಗಾಯ್ತದೆ, ಮಲಕ್ಕೊ," ಅಂದರು. ಒಂದು ಗಳಿಗೆ ತಣ್ಣಗೂ ಆಯಿತು. ಸಂಜೆ ಮೆಡಿಕಲ್ ಶಾಪಿನಿಂದ ಯಾವುದೋ ಡ್ರಾಪ್ಸ್ ತಂದು ಹಾಕಿಕೊಂಡೆ. ಶನಿವಾರದ ಹೊತ್ತಿಗೆ ಹಸಿಮೆಣಸಿನಕಾಯಿ ಅರೆದು ಕಣ್ಣಿಗೆ ತುಂಬಿದ ಹಾಗಿತ್ತು. ನಾಗರಾಜ ಆಟೋ ಹಿಡಿದು ಪೇಟೆಯೊಳಗಿನ ದೊಡ್ಡ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರು ಐವತ್ತು ದಾಟಿದ ಹೆಂಗಸು, ನಿಧಾನಕ್ಕೆ ಮಾತಾಡುವವರು. ಯಂತ್ರಕ್ಕೆ ಗದ್ದ ಇಡಿಸಿ ನೋಡಿದರು, ಫೋಟೋ ತೆಗೆದರು. ಪರದೆ ಮೇಲೆ ನನ್ನ ಬಲಗಣ್ಣಿನ ಕರಿಗುಡ್ಡೆ ದೊಡ್ಡದಾಗಿ ಬಂತು. ಅದರ ಮೇಲೆ, ನಡುವಿಗೆ ಸ್ವಲ್ಪ ಪಕ್ಕದಲ್ಲಿ, ಒಂದು ಬಿಳಿ ಚುಕ್ಕೆ. ರಿಂಗಿನ ಮೇಲೆ ಅಂಥ ಚುಕ್ಕೆ ಕಂಡಿದ್ದರೆ ಎರಡನೇ ಸಲ ನೋಡದೆ ಕೆಂಪು ಡಬ್ಬಕ್ಕೆ ಹಾಕುತ್ತಿದ್ದೆ. ಈ ಕಣ್ಣಿಗೆ ಭೂತಗನ್ನಡಿ ಇಟ್ಟು ನಾನು ಅನ್ನ ತಿನ್ನುತ್ತಿದ್ದವಳು.

"ಲೆನ್ಸ್ ಹಾಕೊಂಡೇ ಮಲಗ್ತಿದ್ರಾ?" ಡಾಕ್ಟರು ಕೇಳಿದರು.

"ಇಲ್ಲ ಮೇಡಂ." ಇದು ನಿಜ.

"ನೀರಲ್ಲಿ ತೊಳೀತಿದ್ರಾ? ನಲ್ಲಿ ನೀರು, ಫಿಲ್ಟರ್ ನೀರು, ಯಾವ್ದಾದ್ರೂ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಸ್ಥಿತಿ. ಪಕ್ಕದಲ್ಲಿ ನಾಗರಾಜ ನಿಂತಿದ್ದ. ನನಗೇ ಕ್ಲೀನಿಂಗ್ ಹೇಳಿಕೊಡುತ್ತೀರಾ ಅಂತ ಬಾಯಿ ಮುಚ್ಚಿಸಿದ್ದೆನಲ್ಲ, ಅದೇ ಗಂಡ.

"ಇಲ್ಲ ಮೇಡಂ. ಸೊಲ್ಯೂಷನ್ನಲ್ಲೇ."

"ಮನೆಮದ್ದು ಏನಾದ್ರೂ?"

"ಏನೂ ಇಲ್ಲ ಮೇಡಂ."

ಅವರು ಬರೆದುಕೊಂಡರು. ನಾನು ಕೊಟ್ಟ ಉತ್ತರಕ್ಕೆ ತಕ್ಕ ಔಷಧ ಕೊಟ್ಟರು. ಎರಡು ದಿನಕ್ಕೊಮ್ಮೆ ತೋರಿಸಲು ಹೇಳಿದರು, ನಾಗರಾಜ ಕರೆದುಕೊಂಡು ಹೋಗಿ ಬರುತ್ತಿದ್ದ.

ಹತ್ತು ದಿನ ನಾನು ಕೋಣೆಯಲ್ಲಿ ಬಿದ್ದಿದ್ದೆ. ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಮೊಬೈಲಿನ ಬೆಳಕು ಮಿಣುಕಿದರೂ ನೋವು ತಲೆಯ ಹಿಂಭಾಗದ ತನಕ ಹೋಗುತ್ತಿತ್ತು. ಎಡಗಣ್ಣು ಚೆನ್ನಾಗಿದ್ದರೂ ಅದನ್ನು ತೆರೆದರೆ ಬಲಗಣ್ಣೂ ತೆರೆಯಲು ಹೋಗುತ್ತದೆ, ಹಾಗಾಗಿ ಎರಡೂ ಮುಚ್ಚಿಯೇ ಇರಬೇಕು. ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ. ಕಣ್ಣು ಹೋದರೆ ಟೇಬಲ್ ಹೋಗುತ್ತದೆ. ಟೇಬಲ್ ಹೋದರೆ ನಾನು ಯಾರು? ಬೇರೆ ಯಾವ ಕೆಲಸವೂ ನನಗೆ ಇಷ್ಟು ಚೆನ್ನಾಗಿ ಬರುವುದಿಲ್ಲ. ಚುಕ್ಕೆ ಕರಗುತ್ತಿಲ್ಲ, ದೊಡ್ಡದಾಗುತ್ತಿದೆ ಅಂತ ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು. ಕ್ಯಾನ್ ನೀರಿನ ಮಾತು ಪ್ರತಿ ಸಲವೂ ನಾಲಿಗೆಯ ತುದಿಗೆ ಬರುತ್ತಿತ್ತು. ಒಂದು ಸಲ ಇಲ್ಲ ಅಂದ ಮೇಲೆ ಹೌದು ಅನ್ನುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಸೀಲ್ ಹಾಕಿದ ನೀರು ತಾನೇ, ಅದರಿಂದ ಆಗಿರಲಾರದು ಅಂತ ನನಗೆ ನಾನೇ ಪಾಸ್ ಕೊಟ್ಟುಕೊಳ್ಳುತ್ತಿದ್ದೆ.

ಆ ದಿನಗಳಲ್ಲಿ ಅತ್ತೆ ಮಾತೇ ಬಿಟ್ಟಿದ್ದರು. ಗೊಣಗಾಟವಿಲ್ಲ, ಗಾದೆಯಿಲ್ಲ. ತಟ್ಟೆ ತಂದು ಕೈಗೆ ಕೊಟ್ಟು ಹೋಗುತ್ತಿದ್ದರು. ನನ್ನ ಮೇಲೆ ಸಿಟ್ಟು ಅಂದುಕೊಂಡೆ.

ಹನ್ನೊಂದನೆಯ ದಿನ ನಾಗರಾಜನ ಕಾರ್ಖಾನೆಯಲ್ಲಿ ಆಡಿಟ್ ಇತ್ತು, ರಜೆ ಸಿಗಲಿಲ್ಲ. "ನಾನ್ ಓಯ್ತೀನಿ ಬುಡು," ಅಂದರು ಅತ್ತೆ. ಅತ್ತೆಗೆ ಓದಲು ಬಾರದು, ನನಗೆ ಕಣ್ಣು ಬಿಡಲಾಗದು. ಮೆಟ್ರೋ ಆಗಿನ್ನೂ ನಮ್ಮ ಕಡೆಗೆ ಹೊಸದು. ಓಡುವ ಮೆಟ್ಟಿಲಿನ ಮುಂದೆ ಅತ್ತೆ ನಿಂತೇಬಿಟ್ಟರು. "ಇದು ನಿಲ್ಲಾಕಿಲ್ವಾ?" ಅಂತ ಗಾರ್ಡನ್ನು ಕೇಳಿದರು. "ಇಲ್ಲಮ್ಮ, ಅದು ಹೋಗ್ತಾನೇ ಇರುತ್ತೆ," ಅಂದ ಅವನು, ಕೊನೆಗೆ ಪಾಪ ಅನಿಸಿ ಲಿಫ್ಟ್ ತೋರಿಸಿದ. ಅಷ್ಟು ನೋವಿನಲ್ಲೂ ನಗು ಬಂತು.

ಆಸ್ಪತ್ರೆಯಲ್ಲಿ ನಂಬರ್ ಚೀಟಿ ಕೊಟ್ಟು ಕೂರಿಸಿದರು. ಗೋಡೆಯ ಮೇಲೆ ಕೆಂಪು ದೀಪದಲ್ಲಿ ನಂಬರ್ ಬರುತ್ತದೆ, ಕೂಗುವುದಿಲ್ಲ. ಅತ್ತೆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಪಕ್ಕದಲ್ಲಿದ್ದವರು ಮಾತಾಡಿಸಿದರು. ಕೊಪ್ಪಳದ ಕಡೆಯವರಂತೆ, ಕಟ್ಟಡದ ಕೆಲಸ, ಕಲ್ಲು ಒಡೆಯುವಾಗ ಚೂರು ಸಿಡಿದು ಒಂದು ಕಣ್ಣಿಗೆ ಪಟ್ಟಿ ಹಾಕಿದ್ದರು.

"ಕಣ್ಣ ಮುಚ್ಚಿ ಕುಂಡರ್ರಿ ಅಕ್ಕಾರ. ನಿಮ್ಮ ನಂಬರ ಬಂದ್ರ ನಾ ಹೇಳ್ತೀನಿ. ನನ್ನ ಒಂದು ಕಣ್ಣು ಛಲೋ ಐತಿ."

ಅವರ ನಂಬರ್ ನಮಗಿಂತ ಮೊದಲೇ ಬಂತು. ಒಳಗೆ ಹೋಗಿ ಬಂದ ಮೇಲೂ ಮನೆಗೆ ಹೋಗದೆ ಮತ್ತೆ ಅದೇ ಕುರ್ಚಿಯಲ್ಲಿ ಕೂತು, ನಮ್ಮ ನಂಬರ್ ಬರುವ ತನಕ ಕಾದು, ಹೇಳಿಯೇ ಹೋದರು. ಅವರ ಹೆಸರು ಕೇಳಲಿಲ್ಲ. ಮುಖವನ್ನೂ ನಾನು ಸರಿಯಾಗಿ ನೋಡಿಲ್ಲ.

ಡಾಕ್ಟರು ನೋಡಿ ಯಂತ್ರವನ್ನು ಪಕ್ಕಕ್ಕೆ ಸರಿಸಿದರು. "ಸುಮಂಗಲಾ, ಇನ್ನೊಂದ್ಸಲ ಕೇಳ್ತೀನಿ. ಬೈಯಲ್ಲ. ಈ ಔಷಧಕ್ಕೆ ಇಷ್ಟೊತ್ತಿಗೆ ಬಗ್ಗಬೇಕಿತ್ತು. ಲೆನ್ಸಿಗೆ ನೀರು ತಾಗಿಸಿದ್ರಾ?"

ನನ್ನ ಬಾಯಿಂದ ಮತ್ತೆ ಅದೇ ಬಂತು. "ಇಲ್ಲ ಮೇಡಂ."

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅತ್ತೆ ಎದ್ದು ನಿಂತಿದ್ದರು.

"ಡಾಕ್ಟ್ರವ್ವ, ತಪ್ಪು ನಂದು. ನಂದಿಬಟ್ಟಲು ಊವಿನ ರಸ ಬುಟ್ಟಿದ್ದು ನಾನು. ನನ್ ಕೈಯಿಂದ್ಲೇ ಆಗೋಗದೆ. ಇವ್ಳು ಅತ್ತೆ ಮರ್ವಾದೆ ಓಯ್ತದೆ ಅಂತ ಯೋಳ್ತಾ ಇಲ್ಲ." ಆಮೇಲೆ ಡಾಕ್ಟರ ಮೇಜಿನ ಹತ್ತಿರಕ್ಕೆ ಬಂದು, "ಗಾಜನ್ನ ಕ್ಯಾನ್ ನೀರ್ನಲ್ಲಿ ತೊಳೀತಿದ್ಲು. ದಿನಾ ನೋಡಿವ್ನಿ. ಅದೇನ್ ತೊಂದ್ರೆ ಇಲ್ಲ ಅಂತ ಕಾಣ್ತದೆ, ಆದ್ರೂ ಯೋಳ್ಬುಡ್ತೀನಿ. ಮುಚ್ಚಿಟ್ಟು ಅವ್ಳ ಕಣ್ಣು ಕಳ್ಯಾಕಾದದಾ?" ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟಿದ್ದು ಕೇಳಿಸಿತು. ನನ್ನನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿದ್ದೆ. "ಹೌದಾ?" ಅಂದರು.

"ಹೌದು ಮೇಡಂ. ಆರು ತಿಂಗಳಿಂದ," ಅಂದೆ. ಹಾಜರಿ ಲೆಕ್ಕವನ್ನೂ ಹೇಳಿದೆ. ಎಲ್ಲಾ ಹೇಳಿದೆ.

ಬೈಯಲಿಲ್ಲ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಚುಕ್ಕೆಯ ಮೇಲಿಂದ ಚೂರೇ ಚೂರು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗೆ ಕಾಯಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಕರೆದು, "ನೀರಲ್ಲಿ ಇರೋ ಒಂದು ಜೀವಿ ಇದು, ಕಣ್ಣಿಗೆ ಕಾಣಲ್ಲ. ಕುಡಿಯೋ ನೀರಲ್ಲೂ ಇರಬಹುದು. ಹೊಟ್ಟೆಗೆ ಹೋದ್ರೆ ಏನೂ ಮಾಡಲ್ಲ, ಲೆನ್ಸ್ ಜೊತೆ ಕಣ್ಣಿಗೆ ಹೋದ್ರೆ ಕಷ್ಟ. ಈಗ ಗೊತ್ತಾಯ್ತಲ್ಲ, ಅದಕ್ಕೆ ಬೇರೆ ಔಷಧ ಇದೆ," ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮ, ಹೂವಿನ ರಸ ಇನ್ಮೇಲೆ ಯಾರಿಗೂ ಬಿಡಬೇಡಿ. ಆದ್ರೆ ಇದು ನಿಮ್ಮ ಹೂವಿಂದ ಬಂದಿದ್ದಲ್ಲ," ಅಂದರು.

ಕುರ್ಚಿ ಪಕ್ಕದಲ್ಲೇ ಇತ್ತು. ಅತ್ತೆ ನೆಲದ ಮೇಲೆ ಕೂತುಬಿಟ್ಟರು.

ಆಚೆ ಬಂದ ಮೇಲೆ ಕೇಳಿದೆ, "ಯಾಕತ್ತೆ ಹತ್ತು ದಿನ ಮಾತೇ ಆಡಲಿಲ್ಲ?"

"ಏನಂತ ಆಡ್ಲಿ? ನೀರು ತಾಗ್ಸಿಲ್ಲ ಅಂದ್ಯಂತೆ, ಕುಡ್ಯೋ ನೀರು ಲೆಕ್ಕಕ್ಕಿಲ್ವೇನೋ, ಗಾಜಿಂದಲ್ಲ ಅಂದ್ಮೇಲೆ ಊವಿಂದ್ಲೇ ಅಂದ್ಕಂಡೆ. ಮಗನ ಎಂಡ್ರ ಕಣ್ಣ ನಾನೇ ತಗದ್ನಲ್ಲಾ ಅಂತ. ಅನ್ನ ಗಂಟ್ಲಲ್ಲಿ ಇಳೀಲಿಲ್ಲ ಕಣಮ್ಮಿ."

ನನ್ನ ಸುಳ್ಳಿನ ಭಾರವನ್ನು ಹತ್ತು ದಿನ ಹೊತ್ತವರು ಅವರು. ನಾನು ನನ್ನ ಕಣ್ಣಿಗಷ್ಟೇ ಅನ್ಯಾಯ ಮಾಡಿಕೊಂಡೆ ಅಂದುಕೊಂಡಿದ್ದೆ. ಆಸ್ಪತ್ರೆಯ ಗೇಟಿನ ಹತ್ತಿರ ಅವರ ಕೈ ಹಿಡಿದು ಅತ್ತುಬಿಟ್ಟೆ, ಉಪ್ಪು ನೀರು ತಾಗಿ ಕಣ್ಣು ಇನ್ನಷ್ಟು ಉರಿಯಿತು. "ಅಳ್ಬ್ಯಾಡ, ಔಸದಿ ಕೊಚ್ಚೋಯ್ತದೆ," ಅಂದರು ಅತ್ತೆ.

ಸಂಜೆ ನಾಗರಾಜನಿಗೆ ನಾನೇ ಹೇಳಿದೆ. ಅವನು ಊಟದ ಡಬ್ಬಿ ಕೆಳಗಿಟ್ಟ. ಆಮೇಲೆ, "ಹೇಳಿದ್ರೆ ಬೈತಿದ್ದೆ, ಅಷ್ಟೇ ತಾನೇ? ಬೈಸ್ಕೊಂಡಿದ್ರೆ ಮುಗಿದೋಗ್ತಿತ್ತಲ್ಲ ಸುಮಾ," ಅಂದ. ಬೈದಿದ್ದರೇ ಚೆನ್ನಾಗಿತ್ತು.

ಹೊಸ ಔಷಧ ಎರಡು ಬಾಟಲಿ. ಮೊದಮೊದಲು ಹಗಲು ರಾತ್ರಿ ಗಂಟೆಗೊಂದು ಸಲ ಹಾಕಬೇಕು, ಎರಡರ ನಡುವೆ ಐದು ನಿಮಿಷ ಬಿಡಬೇಕು. ರಾತ್ರಿಯದು ನಾಗರಾಜನ ಪಾಲು, ಹಗಲಿನದು ಅತ್ತೆಯದು. ಬಾಟಲಿಗಳು ಒಂದೇ ಥರ ಇದ್ದವು. ಅತ್ತೆ ಮೊದಲು ಹಾಕುವುದಕ್ಕೆ ಅರಿಶಿನದ ದಾರ ಕಟ್ಟಿಕೊಂಡರು. ಗಡಿಯಾರ ಓದಲು ಬರುವುದಿಲ್ಲವಲ್ಲ, ಟಿವಿಯಲ್ಲಿ ಎರಡು ಧಾರಾವಾಹಿ ಮುಗಿದರೆ ಒಂದು ಗಂಟೆ. ನಾನು ಒಳಗೆ ಕತ್ತಲಲ್ಲಿ ಮಲಗಿ ಗೋಡೆಯಾಚೆ ಯಾರದೋ ಅತ್ತೆ ಸೊಸೆ ಜಗಳ ಕೇಳುತ್ತಾ ಕಾಯುತ್ತಿದ್ದೆ. ಧಾರಾವಾಹಿ ಎಂಥ ಘಟ್ಟದಲ್ಲಿದ್ದರೂ ನಮ್ಮತ್ತೆ ಎದ್ದು ಬರುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ, ಅವರು ನನ್ನ ಕಣ್ಣಿಗೆ ಔಷಧ ಬಿಡಲು ಹಾಗೆ ಕಾದರು. ಒಮ್ಮೆಯೂ ತಪ್ಪಲಿಲ್ಲ.

ಮೂರನೆಯ ವಾರದಲ್ಲಿ ನೋವು ಒಂದು ಬೆಳಿಗ್ಗೆ ಸಡಿಲಾಯಿತು. ಕಿಟಕಿಯ ಕಂಬಳಿಯನ್ನು ಒಂದು ಮೂಲೆಯಲ್ಲಿ ಎತ್ತಿ ನೋಡಿದೆ. ಎದುರು ಮನೆಯ ಮಹಡಿಯಲ್ಲಿ ಒಣಗಲು ಹಾಕಿದ ನೀಲಿ ಯೂನಿಫಾರಂ ಕಂಡಿತು. ನೀಲಿ ಅಂತ ಗೊತ್ತಾಯಿತು, ಅಷ್ಟಕ್ಕೇ ಖುಷಿಯಾಗಿ ಅಡುಗೆಮನೆಗೆ ಹೋಗಿ ಹೇಳಿದೆ. ಆ ದಿನ ಅತ್ತೆ ಮತ್ತೆ ಗೊಣಗಿದರು, ಒಗ್ಗರಣೆ ಸೀದಿತ್ತು.

ಐದು ತಿಂಗಳು ಹಿಡಿಯಿತು. ಹುಣ್ಣು ಮಾಯಿತು, ಕಲೆ ಉಳಿಯಿತು. ಡಾಕ್ಟರು ಕೊನೆಗೆ ನೇರವಾಗಿಯೇ ಹೇಳಿದರು, "ಕಣ್ಣು ಉಳೀತು. ಆದ್ರೆ ಈ ಕಣ್ಣಲ್ಲಿ ಕಾಣೋದು ಸದ್ಯಕ್ಕೆ ಇಷ್ಟೇ. ಮುಂದೆ ಬೇಕು ಅನ್ಸಿದ್ರೆ ಆಪರೇಷನ್ ವಿಚಾರ ಮಾಡೋಣ, ಈಗ ಅವಸರ ಇಲ್ಲ." ಹತ್ತು ದಿನ ಮೊದಲೇ ಹೇಳಿದ್ದರೆ ಕಲೆ ಚಿಕ್ಕದಾಗುತ್ತಿತ್ತಾ ಅಂತ ಕೇಳಿದೆ. "ಆಗ್ತಿತ್ತೇನೋ. ಅದನ್ನೇ ಯೋಚಿಸ್ತಾ ಕೂರಬೇಡಿ," ಅಂದರು. ಕೂರುವುದಿಲ್ಲ ಅಂತ ಹೇಳಲಾರೆ, ಈಗಲೂ ಕೆಲವು ದಿನ ಕೂರುತ್ತೇನೆ. ಹೊಸ ಕನ್ನಡಕ ಮಾಡಿಸಿಕೊಂಡೆ. ಶೈಲಾಳೂ ಕನ್ನಡಕಕ್ಕೆ ಬಂದಿದ್ದಳು, ನಾನು ಹೇಳಿದ ದಿನವೇ ಲೆನ್ಸನ್ನು ಡಬ್ಬಿ ಸಮೇತ ಕಸಕ್ಕೆ ಹಾಕಿದ್ದಳಂತೆ.

ಕೆಲಸಕ್ಕೆ ವಾಪಸ್ಸು ಹೋದ ದಿನ ಟೇಬಲ್ಲಿಗೆ ಕೂರುವ ಮೊದಲು ಕಣ್ಣಿನ ಪರೀಕ್ಷೆ. ಇನ್‌ಸ್ಪೆಕ್ಷನ್ನಿನವರು ಒಂದೊಂದು ಕಣ್ಣಲ್ಲೂ ಚಾರ್ಟಿನ ಐದನೇ ಸಾಲು ಓದಲೇಬೇಕು ಅಂತ ಕಾನೂನು. ನಾನು ಸೇರಿದಾಗಿನಿಂದ ಆ ಕೋಣೆಯಲ್ಲಿ ಅದೇ ಚಾರ್ಟು. ವರ್ಷ ವರ್ಷ ಓದಿ ಓದಿ ನಮ್ಮ ಟೇಬಲ್ಲಿನ ಎಲ್ಲರಿಗೂ ಬಾಯಿಪಾಠ. ಬಾಗಿಲಲ್ಲಿ ಶೈಲಾ ಕಿವಿಯಲ್ಲಿ ಹೇಳಿದಳು, "ನೆನಪಿದೆ ತಾನೇ? ಗಡಗಡ ಹೇಳ್ಬಿಡು. ನಿನ್ನ ಕುರ್ಚಿಗೆ ಇನ್ನೂ ಯಾರನ್ನೂ ಹಾಕಿಲ್ಲ."

ಪರೀಕ್ಷೆ ಮಾಡುವವರು ನನಗೆ ವರ್ಷಗಳಿಂದ ಗೊತ್ತಿದ್ದವರೇ. ಎಡಗಣ್ಣು ಸಲೀಸಾಗಿ ಮುಗಿಯಿತು. ಆಮೇಲೆ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡೆ. ಮೂರು ಸಾಲು ಓದಿದೆ. ನಾಲ್ಕನೆಯದನ್ನು ತಡವರಿಸಿ ಓದಿದೆ. ಐದನೆಯದರ ಜಾಗದಲ್ಲಿ ಬೂದು ಬಣ್ಣದ ಒಂದು ಪಟ್ಟಿ ಇತ್ತು, ಅಷ್ಟೇ. ಆದರೆ ಅದರ ಅಕ್ಷರಗಳೆಲ್ಲ ಸಾಲಾಗಿ ನನ್ನ ಬಾಯಲ್ಲಿದ್ದವು.

"ಐದನೇದು ಹೇಳಿ," ಅಂದರು.

ಅಂಗೈಯನ್ನು ಎಡಗಣ್ಣಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡೆ.

ಅವರು ಫಾರಮ್ಮಿನಿಂದ ತಲೆ ಎತ್ತಿದರು. "ಹನ್ನೊಂದು ವರ್ಷದವರು ನೀವು. ಅವಸರ ಇಲ್ಲ ಸುಮಂಗಲಮ್ಮ, ಸರಿಯಾಗಿ ನೋಡಿ ಹೇಳಿ."

"ನೋಡೇ ಹೇಳ್ತಿದೀನಿ ಸಾರ್," ಅಂದೆ. "ಕಾಣಿಸ್ತಾ ಇಲ್ಲ."